ಮನೆಗೆ ಒಪ್ಪುವ ಬಟ್ಟೆ ಮಾರ್ಜಕ: ನೀರನ್ನೂ ನೆಲವನ್ನೂ ನೋಡಿ ಆರಿಸಿರಿ

ಬಟ್ಟೆ ಒಗೆಯುವ ಪುಡಿಯ ವಿಚಾರ ಬೇಸಾಯದ ಪತ್ರಿಕೆಯಲ್ಲಿ ಏತಕ್ಕೆ ಎಂದು ಕೆಲವು ಓದುಗರು ಕೇಳಬಹುದು. ಗೊಬ್ಬರದ ಚೀಲ ಕೊಳ್ಳುವಾಗ ಅದರಲ್ಲಿ ಸಾರಜನಕವೆಷ್ಟು, ರಂಜಕವೆಷ್ಟು, ಪೊಟ್ಯಾಷ್ ಎಷ್ಟು ಎಂದು ಓದಿ ನೋಡುವ ರೈತನು ಸೋಪಿನ ಪುಡಿಯನ್ನು ಮಾತ್ರ ಬಣ್ಣ, ವಾಸನೆ ಮತ್ತು ನೊರೆ ನೋಡಿ ತರುತ್ತಾನೆ. ಆದರೆ ಈ ಪುಡಿಯೂ ಕಡೆಗೆ ಸೇರುವುದು ನೆಲವನ್ನೇ. ಒಗೆಯುವ ಕಲ್ಲಿನಿಂದ ಹರಿದ ನೀರು ಹಿತ್ತಿಲ ತೆಂಗಿನ ಬುಡಕ್ಕೆ ಹೋಗುತ್ತದೆ, ಇಲ್ಲವೆ ಚರಂಡಿ ಹಿಡಿದು ಕೆರೆಗೆ ಹೋಗಿ ಅಲ್ಲಿಂದ ಇನ್ನೊಬ್ಬ ರೈತನ ಅಚ್ಚುಕಟ್ಟಿಗೆ ಇಳಿಯುತ್ತದೆ. ಗೊಬ್ಬರದಂತೆ ಇದನ್ನೂ ಅದರೊಳಗೇನಿದೆ ಎಂದು ತಿಳಿದು ಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ದಕ್ಷಿಣ ಭಾಗವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಲಘಟ್ಟಪುರ, ಕಗ್ಗಲೀಪುರ, ಬೇಗೂರು, ಆನೇಕಲ್ ಕಡೆಯ ಅನೇಕ ಒಕ್ಕಲು ಮನೆತನಗಳಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಮಗನ ಮನೆಯೋ ಮಗಳ ಮನೆಯೋ ಇರುತ್ತದೆ. ಅಲ್ಲಿ ಚೆನ್ನಾಗಿ ಒಗೆಯುವ ಪುಡಿಯನ್ನೇ ಊರಿಗೂ ತರುವುದು ವಾಡಿಕೆ. ತಂದ ಮೇಲೆ, ಅಲ್ಲಿ ಹಾಲಿನಂತೆ ಬೆಳ್ಳಗಾಗುವ ಪಂಚೆ ಇಲ್ಲಿ ಏಕೆ ಮಂಕಾಗಿಯೇ ಉಳಿಯುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಪುಡಿ ಅದೇ, ಬಟ್ಟೆಯೂ ಅದೇ. ಬೇರೆಯಾಗಿರುವುದು ನೀರು.

ಮೊದಲು ನೀರು, ಆಮೇಲೆ ಪುಡಿ

ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಮೊದಲ ಹಂತದಲ್ಲಿ 1974ರಲ್ಲಿ ಬೆಂಗಳೂರಿಗೆ ಬಂದಿತು. ಐದನೆಯ ಹಂತಕ್ಕೆ 2024ರ ಅಕ್ಟೋಬರಿನಲ್ಲಿ ಚಾಲನೆ ದೊರೆಯಿತು. ನದಿಯ ನೀರು ಕೊಳವೆ ಬಾವಿಯ ನೀರಿಗಿಂತ ಮೆದುವಾದದ್ದು. ಬೆಂಗಳೂರಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದೇ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಿದ್ದಲ್ಲಿ 600ರವರೆಗೂ ನಡೆದೀತು. ಒಗೆತಕ್ಕೆ ಮಾತ್ರ 200 ಕೂಡ ಹೆಚ್ಚೇ.

ಒಂದೇ ಬಡಾವಣೆಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಕೊಳವೆ ಬಾವಿ, ಎದುರು ಮನೆಗೆ ಟ್ಯಾಂಕರ್ ಎಂಬುದು ಈ ಭಾಗದಲ್ಲಿ ಸಾಮಾನ್ಯ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿದಾಗ ಟ್ಯಾಂಕರ್ ನೀರನ್ನು ನಂಬಿದ ಮನೆಗಳು ಎಷ್ಟೋ. ಟ್ಯಾಂಕರಿನವರು ಈ ವಾರ ಒಂದು ಬಾವಿಯಿಂದ, ಮುಂದಿನ ವಾರ ಇನ್ನೊಂದರಿಂದ ತುಂಬುತ್ತಾರೆ. ನೀರಿನ ಗುಣ ವಾರಕ್ಕೊಮ್ಮೆ ಬದಲಾದರೆ ಪುಡಿಯ ಅಳತೆಯೂ ಬದಲಾಗಬೇಕು. ಪೊಟ್ಟಣದ ಮೇಲೆ ಬರೆದಿರುವ ಅಳತೆ ಎಲ್ಲ ನೀರಿಗೂ ಸರಿ ಎಂದು ತಿಳಿಯಬಾರದು.

ನಿಮ್ಮ ನೀರು ಗಡಸೋ ಮೆದುವೋ ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಸ್ನಾನದ ಹಂಡೆಯ ಒಳಗೋಡೆಯಲ್ಲಿ ಬಿಳಿಯ ಪದರ ಕಟ್ಟಿದ್ದರೆ ನೀರು ಗಡಸು ಎಂದು ಧಾರಾಳವಾಗಿ ಹೇಳಬಹುದು. ಇನ್ನೂ ನಿಖರವಾಗಿ ನೋಡಬೇಕೆಂದರೆ ಹೀಗೆ ಮಾಡಿರಿ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳನ್ನು ತೊಳೆದಿಟ್ಟು, ಒಂದಕ್ಕೆ ಕಾಲು ಭಾಗದಷ್ಟು ಮಳೆಯ ನೀರನ್ನೂ ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ನಿಮ್ಮ ಬಾವಿಯ ನೀರನ್ನೂ ತುಂಬಿರಿ. ಎಣ್ಣೆಯಿಂದ ಮಾಡಿದ ಸಾಬೂನನ್ನು ಹೆರೆದು ಎರಡಕ್ಕೂ ಕಡಲೆಕಾಳಿನಷ್ಟು ಹಾಕಿ ಚೆನ್ನಾಗಿ ಕುಲುಕಿರಿ. ಮಾರ್ಜಕದ ಬಿಲ್ಲೆ ಇದಕ್ಕೆ ಬಾರದು. ಮಳೆ ನೀರಿನಲ್ಲಿ ಕೂಡಲೇ ನೊರೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬರದೆ ಒಡೆದ ಹಾಲಿನಂತಹ ಗಷ್ಟು ತೇಲುತ್ತದೆ. ನೊರೆ ನಿಲ್ಲುವವರೆಗೆ ಇನ್ನೊಂದು, ಮತ್ತೊಂದು ಚೂರು ಹಾಕುತ್ತ ಎಣಿಸಿರಿ. ಮಳೆ ನೀರಿಗೆ ಒಂದು ಚೂರು ಸಾಕಾದಲ್ಲಿ ನಿಮ್ಮ ನೀರಿಗೆ ಐದು ಬೇಕಾಯಿತೆಂದರೆ, ಮೊದಲ ನಾಲ್ಕು ಚೂರುಗಳು ಕೊಳೆಯನ್ನು ಮುಟ್ಟದೆ ನೀರಿನ ಸುಣ್ಣದಂಶವನ್ನು ಮುಗಿಸುವುದಕ್ಕೇ ಖರ್ಚಾದವೆಂದು ಅರ್ಥ. ಆ ಗಷ್ಟೇ ಬಟ್ಟೆಯ ಎಳೆಗಳಲ್ಲಿ ಕುಳಿತು ಪಂಚೆಯನ್ನು ಮಂಕಾಗಿಸುವುದು.

ಇದರಿಂದ ಮೊದಲ ನಿರ್ಧಾರ ಸುಲಭವಾಗುತ್ತದೆ. ಮೆದು ನೀರಿರುವ ಮನೆಗೆ ಸಾದಾ ಸಾಬೂನು ಸಾಕು. ಅದು ಕೈಗೂ ಬಟ್ಟೆಗೂ ಹಿತ. ಗಡಸು ನೀರಿರುವ ಮನೆಗೆ ಮಾರ್ಜಕ ಬೇಕು, ಏಕೆಂದರೆ ಅದು ಸಾಬೂನಿನಂತೆ ಗಷ್ಟುಗಟ್ಟುವುದಿಲ್ಲ.

ಪುಡಿಯೊಳಗೆ ಏನಿದೆ?

ಮಾರ್ಜಕವೆಂದರೆ ಒಂದೇ ವಸ್ತುವಲ್ಲ. ಕೊಳೆಯನ್ನೂ ಜಿಡ್ಡನ್ನೂ ಬಟ್ಟೆಯಿಂದ ಬಿಡಿಸುವ ಸಕ್ರಿಯ ಅಂಶವು ಪೊಟ್ಟಣದ ಒಂದು ಪಾಲು ಮಾತ್ರ. ಕೀಟನಾಶಕದ ಡಬ್ಬಿಯಲ್ಲಿ ವಿಷದ ಅಂಶ ಇಂತಿಷ್ಟು ಎಂದಿರುವಂತೆಯೇ ಇದು. ಉಳಿದದ್ದರಲ್ಲಿ ನೀರಿನ ಗಡಸುತನವನ್ನು ಕಟ್ಟಿಹಾಕುವ ಫಾಸ್ಫೇಟ್ ಇಲ್ಲವೆ ಜಿಯೋಲೈಟ್, ಕ್ಷಾರಕ್ಕಾಗಿ ಸೋಡಾ ಆಶ್ ಅಂದರೆ ನಮ್ಮ ಬಟ್ಟೆ ಸೋಡಾ, ಗಾತ್ರಕ್ಕಾಗಿ ಸೋಡಿಯಂ ಸಲ್ಫೇಟ್ ಅಥವಾ ಕಲ್ಲಿನ ಪುಡಿ, ಸ್ವಲ್ಪ ಕಿಣ್ವ, ಸ್ವಲ್ಪ ಸುವಾಸನೆ ಇರುತ್ತವೆ. ಬಿಸಿಲಿನಲ್ಲಿ ಬಟ್ಟೆ ಹೊಳೆಯುವಂತೆ ಮಾಡುವ ಬಣ್ಣವೂ ಇರುತ್ತದೆ. ಅದು ಕೊಳೆಯನ್ನು ತೆಗೆಯುವುದಿಲ್ಲ, ಕಣ್ಣಿಗೆ ಬೆಳ್ಳಗೆ ಕಾಣಿಸುತ್ತದೆ ಅಷ್ಟೆ. ನಮ್ಮ ಅಜ್ಜಿಯರು ನೀಲಿ ಹಾಕುತ್ತಿದ್ದುದೂ ಇದೇ ಉದ್ದೇಶಕ್ಕೆ.

ಸೋಡಾದ ವಿಚಾರ ರೈತನಿಗೆ ಹೊಸದಲ್ಲ. ಸಾಬೂನು ಹಳ್ಳಿಗೆ ಬರುವ ಮುಂಚೆ ಮಡಿವಾಳರು ಚೌಳು ಮಣ್ಣನ್ನು ತಂದು, ಅದರ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆ ಹಾಕಿ ಒಗೆಯುತ್ತಿದ್ದರು. ಕೊಳೆ ಬಿಡಿಸುತ್ತಿದ್ದುದು ಆ ಮಣ್ಣಿನಲ್ಲಿದ್ದ ಸೋಡಾ. ಅದೇ ಸೋಡಾ ಹೊಲದಲ್ಲಿ ಮೇಲೆದ್ದರೆ ಅಲ್ಲಿ ರಾಗಿಯೂ ಏಳದು. ಬಟ್ಟೆಯನ್ನು ಬೆಳ್ಳಗೆ ಮಾಡುವ ವಸ್ತುವೇ ಹೊಲವನ್ನು ಚೌಳು ಮಾಡುವ ವಸ್ತು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾಗಿ ತಿಳಿಯುತ್ತವೆ. ಭಾರತದಲ್ಲಿ ಸರ್ಫ್ ಪುಡಿ 1959ರಲ್ಲಿ ಮಾರುಕಟ್ಟೆಗೆ ಬಂದಿತು. 1969ರಲ್ಲಿ ಗುಜರಾತಿನಲ್ಲಿ ಆರಂಭವಾದ ನಿರ್ಮಾ ಕಡಿಮೆ ಬೆಲೆಯಿಂದಾಗಿ ಹಳ್ಳಿಹಳ್ಳಿಗೂ ತಲುಪಿತು. ಅಲ್ಲಿಂದೀಚೆಗೆ ಚೌಳು ಮಣ್ಣಿನ ಕೆಲಸವನ್ನು ಪೊಟ್ಟಣದ ಸೋಡಾ ಮಾಡುತ್ತಿದೆ.

ಪೊಟ್ಟಣದಲ್ಲಿ ಕ್ಷಾರ ಹೆಚ್ಚಿದೆಯೇ ಎಂದು ನೋಡಲು ಅಡಿಗೆಮನೆಯ ಅರಿಶಿನವೇ ಸಾಕು. ಕೆಂಪಾರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸುವುದು ನಿಮಗೆ ಗೊತ್ತೇ ಇದೆ. ಕ್ಷಾರ ತಗುಲಿದ ಅರಿಶಿನ ಕೆಂಪಾಗುತ್ತದೆ. ಬಿಳಿಯ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ, ಚಿಕ್ಕ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಿರಿ. ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಕರಗಿಸಿ ಪಟ್ಟಿಯನ್ನು ಅದ್ದಿರಿ. ಕಡುಗೆಂಪಾದರೆ ಕ್ಷಾರ ಬಲವಾಗಿದೆ, ಹಳದಿಯಾಗಿಯೇ ಉಳಿದರೆ ಸೌಮ್ಯ. ರೇಷ್ಮೆ ಬಟ್ಟೆಗೆಂದು ಮಾರುವ ಸೌಮ್ಯ ದ್ರವಗಳಲ್ಲಿ ಪಟ್ಟಿ ಬಹುಮಟ್ಟಿಗೆ ಹಳದಿಯಾಗಿಯೇ ಇರುತ್ತದೆ. ಸಾದಾ ಸಾಬೂನೂ ಪಟ್ಟಿಯನ್ನು ಕೆಂಪಾಗಿಸುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೊಂದು ಪರೀಕ್ಷೆ: ಒಂದು ಚಿಟಿಕೆ ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ಬುರುಬುರು ಎಂದು ಉಕ್ಕಿದರೆ ಕಾರ್ಬೊನೇಟ್ ಇದೆ. ಅದು ಸೋಡಾದಿಂದ ಬರಬಹುದು, ಸುಣ್ಣಕಲ್ಲಿನ ಪುಡಿಯಿಂದಲೂ ಬರಬಹುದು. ಅದೇ ಲೋಟದ ನೀರನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟಾಗ ತಳದಲ್ಲಿ ಮರಳಿನಂತಹ ಗಷ್ಟು ನಿಂತರೆ ಅದು ಕಲ್ಲಿನ ಪುಡಿ. ಅದರ ತೂಕಕ್ಕೂ ನೀವು ಹಣ ಕೊಟ್ಟಿದ್ದೀರಿ. ನೀರು ತೆಳುವಾಗಿ ಹಾಲಿನಂತೆ ಮಂಜಾಗಿಯೇ ಇದ್ದರೆ ಜಿಯೋಲೈಟ್ ಇರಬಹುದು, ಅದರಿಂದ ತೊಂದರೆಯಿಲ್ಲ.

ಶಾಲೆಯ ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ಹಚ್ಚಿದೊಡನೆ ಕೆಂಪಾಗುವುದನ್ನು ಕಂಡು ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಅದೂ ಇದೇ ಅರಿಶಿನದ ಆಟ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಅರಿಶಿನದ ಬಣ್ಣ ತಾನಾಗಿ ಇಳಿಯುತ್ತದೆ.

ನೊರೆಯ ವಿಷಯವಾಗಿ ಒಂದು ಮಾತು. ನೊರೆ ಕೊಳೆಯನ್ನು ತೆಗೆಯುವುದಿಲ್ಲ. ಕೊಳ್ಳುವವರು ನೊರೆಯನ್ನೇ ಬಯಸುವುದರಿಂದ ನೊರೆ ಹೆಚ್ಚಿಸುವ ವಸ್ತುವನ್ನು ಬೇರೆಯಾಗಿ ಸೇರಿಸುವುದೂ ಉಂಟು. ಮುಂಬಾಗಿಲಿನ ಒಗೆಯುವ ಯಂತ್ರಕ್ಕಂತೂ ನೊರೆ ಶತ್ರು. ಬಟ್ಟೆ ಮೇಲಿಂದ ಬಿದ್ದು ಬಡಿಸಿಕೊಳ್ಳಬೇಕಾದ ಕಡೆ ನೊರೆಯ ಹಾಸಿಗೆಯಾಗಿ ಕೊಳೆ ಬಿಡದು. ಅಂತಹ ಯಂತ್ರಕ್ಕೆಂದೇ ಮಾಡಿದ ಕಡಿಮೆ ನೊರೆಯ ಪುಡಿ ಅಥವಾ ದ್ರವವನ್ನೇ ಉಪಯೋಗಿಸತಕ್ಕದ್ದು. ಕೈಯಲ್ಲಿ ಒಗೆಯುವವರಿಗೆ ಆ ಹೆಚ್ಚಿನ ಬೆಲೆ ಬೇಡ.

ಬೆಲೆಯ ಲೆಕ್ಕ

ಕಿಲೋಗ್ರಾಮಿನ ಬೆಲೆ ನೋಡಬೇಡಿ, ಒಂದು ಬಕೆಟ್ ಬಟ್ಟೆಯ ಬೆಲೆ ನೋಡಿರಿ. ಒಂದು ಪುಡಿ ಕಿಲೋಗೆ 70 ರೂಪಾಯಿ, ನಿಮ್ಮ ನೀರಿನಲ್ಲಿ ಬಕೆಟಿಗೆ 60 ಗ್ರಾಂ ಬೇಕು ಎಂದಿಟ್ಟುಕೊಳ್ಳಿ. ಇನ್ನೊಂದು ಕಿಲೋಗೆ 140 ರೂಪಾಯಿ, 25 ಗ್ರಾಂ ಸಾಕು. ಮೊದಲನೆಯದಕ್ಕೆ ಬಕೆಟಿಗೆ 4 ರೂಪಾಯಿ 20 ಪೈಸೆ, ಎರಡನೆಯದಕ್ಕೆ 3 ರೂಪಾಯಿ 50 ಪೈಸೆ ಬೀಳುತ್ತದೆ. ಅಗ್ಗದ ಪುಡಿ ದುಬಾರಿಯಾಯಿತು, ಚರಂಡಿಗೆ ಹೋದ ಸೋಡಾವೂ ಹೆಚ್ಚಾಯಿತು.

ಸರಿಯಾದ ಅಳತೆಯನ್ನು ನೀವೇ ಕಂಡುಕೊಳ್ಳಬೇಕು. ಪೊಟ್ಟಣದ ಮೇಲೆ ಹೇಳಿರುವುದರ ಅರ್ಧದಿಂದ ಆರಂಭಿಸಿರಿ. ಒಗೆಯುವುದು ಮುಗಿಯುವವರೆಗೆ ನೀರಿನ ಮೇಲೆ ತೆಳುವಾದ ನೊರೆ ನಿಂತಿದ್ದರೆ ಅಳತೆ ಸರಿ. ಮಧ್ಯದಲ್ಲೇ ನೊರೆ ಸತ್ತು ನೀರು ಕಪ್ಪಾದರೆ ಇನ್ನು ಸ್ವಲ್ಪ ಬೇಕು. ಎರಡು ಸಲ ಜಾಲಿಸಿದ ಮೇಲೂ ನೊರೆ ಬರುತ್ತಿದ್ದರೆ ಹೆಚ್ಚಾಗಿದೆ. ಅದೇ ಉಳಿಕೆ ಮಕ್ಕಳ ಮೈ ತುರಿಕೆಗೂ ಒಗೆಯುವವರ ಕೈ ಬಿರಿಯುವುದಕ್ಕೂ ಕಾರಣವಾಗಬಹುದು. ಅಳತೆ ಸಿಕ್ಕಿದ ಮೇಲೆ ಒಂದೇ ಚಮಚ ಗೊತ್ತು ಮಾಡಿಕೊಂಡು, ಅದನ್ನು ಡಬ್ಬಿಯಲ್ಲೇ ಇಡಿರಿ. ಮುಷ್ಟಿಯ ಅಳತೆ ಬಿತ್ತನೆಗೆ ನಡೆದೀತು, ಇಲ್ಲಿ ನಡೆಯದು.

ಮನೆ ಬಳಕೆಯ ಮಾರ್ಜಕ ಪುಡಿಗೆ ಭಾರತೀಯ ಮಾನಕ 4955 ಇದೆ. ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಹೆಸರಿಲ್ಲದ ಪುಡಿಗಳನ್ನು ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಉಳಿತಾಯವಲ್ಲ.

ಯಾವ ಬಟ್ಟೆಗೆ ಯಾವುದು?

ಹತ್ತಿಯ ಪಂಚೆ, ಹಾಸಿಗೆ ಬಟ್ಟೆ, ಶಾಲೆಯ ಸಮವಸ್ತ್ರಗಳಿಗೆ ಸಾಮಾನ್ಯ ಪುಡಿ ಸಾಕು. ಕೆಮ್ಮಣ್ಣು ಹತ್ತಿದ ಬಟ್ಟೆಯನ್ನು ಹಸಿಯಾಗಿ ಉಜ್ಜಬಾರದು; ಒಣಗಿಸಿ, ಕೊಡವಿ, ಆಮೇಲೆ ನೆನೆಹಾಕಿರಿ. ಹಾಲು, ರಕ್ತ, ಸಗಣಿಯ ಕಲೆಗೆ ಕಿಣ್ವವಿರುವ ಪುಡಿ ಒಳ್ಳೆಯದು. ಅದನ್ನು ತಣ್ಣೀರಿನಲ್ಲಿ ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಬೇಕು. ಕುದಿಯುವ ನೀರು ಸುರಿದರೆ ಕಿಣ್ವ ಕೆಡುತ್ತದೆ. ಬಾಳೆಯ ಕರೆಗೆ ಮಾತ್ರ ಯಾವ ಪುಡಿಯೂ ಮದ್ದಲ್ಲ. ಗೊನೆ ಕಡಿಯುವ ದಿನ ಹಳೆಯ ಅಂಗಿ ಹಾಕಿಕೊಳ್ಳುವುದೇ ಉಪಾಯ.

ರೇಷ್ಮೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕನಕಪುರ, ರಾಮನಗರದ ರೇಷ್ಮೆ ಬೆಳೆಗಾರರಿಗೆ ಇದು ಬೇಗ ತಿಳಿಯುತ್ತದೆ. ನೂಲಿನ ಮೇಲಿನ ಅಂಟನ್ನು ತೆಗೆಯಲು ಅದನ್ನು ಸಾಬೂನು, ಸೋಡಾಗಳ ನೀರಿನಲ್ಲಿ ಕುದಿಸುತ್ತಾರಷ್ಟೆ. ಆ ಅಂಟೂ ಪ್ರೋಟೀನು, ಎಳೆಯೂ ಪ್ರೋಟೀನು. ಅಂಟನ್ನು ಬಿಡಿಸುವ ಕ್ಷಾರವು ಮಿತಿ ಮೀರಿದರೆ ಎಳೆಯನ್ನೂ ಬಿಡುವುದಿಲ್ಲ. ಹಾಲಿನ ಕಲೆ ತಿನ್ನುವ ಕಿಣ್ವವೂ ರೇಷ್ಮೆ, ಉಣ್ಣೆಗಳನ್ನು ಮೆಲ್ಲಗೆ ತಿನ್ನುತ್ತದೆ. ಮದುವೆಯ ಮೈಸೂರು ರೇಷ್ಮೆ ಸೀರೆಗೂ ಕುರುಬರ ಕಂಬಳಿಗೂ ಕಿಣ್ವದ ಪುಡಿ ಸೋಕಿಸಬೇಡಿ. ಅರಿಶಿನದ ಪಟ್ಟಿ ಕೆಂಪಾಗದ ಸೌಮ್ಯ ದ್ರವ ಇಲ್ಲವೆ ಅಂಟುವಾಳದ ಕಾಯಿಯ ನೀರು ಯೋಗ್ಯ. ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ, ಸೋಸಿ ಬಳಸಿರಿ. ಆದರೆ ಗಾಣದ ಜಿಡ್ಡು ಹತ್ತಿದ ಪಂಚೆ ಅಂಟುವಾಳಕ್ಕೆ ಬಗ್ಗುವುದಿಲ್ಲ. ಹಳೆಯದೆಲ್ಲ ಎಲ್ಲದಕ್ಕೂ ಒಳ್ಳೆಯದೆಂಬ ಮಾತನ್ನು ಇಲ್ಲಿ ಒಪ್ಪಲಾಗದು.

ಔಷಧಿ ಸಿಂಪಡಿಸಿದ ಬಟ್ಟೆ

ಇದು ಆಯ್ಕೆಗಿಂತ ಜೀವಕ್ಕೆ ಸಂಬಂಧಿಸಿದ್ದು. ಕೀಟನಾಶಕ ಸಿಂಪಡಿಸಿದ ದಿನದ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳ ಜೊತೆ ಒಂದೇ ಬಕೆಟಿಗೆ ಹಾಕುವ ಮನೆಗಳು ಇಂದಿಗೂ ಇವೆ. ಹಾಗೆ ಮಾಡಿದರೆ ಗಂಡಸರ ಅಂಗಿಯ ವಿಷ ಮಗುವಿನ ಜುಬ್ಬಕ್ಕೆ ಸೇರುತ್ತದೆ, ಒಗೆಯುವ ಹೆಂಗಸಿನ ಕೈಗೂ ಸೇರುತ್ತದೆ. ಆ ಬಟ್ಟೆಯನ್ನು ಅದೇ ದಿನ, ಬೇರೆಯಾಗಿ, ರಬ್ಬರ್ ಕೈಚೀಲ ತೊಟ್ಟು ಒಗೆಯಬೇಕು. ಮೊದಲು ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಬಟ್ಟೆ ತಾಳುವಷ್ಟು ಬಿಸಿಯಾದ ನೀರು ಮತ್ತು ಮಾರ್ಜಕದಲ್ಲಿ ಎರಡು ಸಲ ಒಗೆದು, ಬಿಸಿಲಿನಲ್ಲಿ ಒಣಗಿಸಬೇಕು. ಡಬ್ಬಿಯ ಮೇಲೆ ಇ.ಸಿ. ಎಂದು ಬರೆದಿರುವ ಎಣ್ಣೆ ರೂಪದ ಔಷಧಿಗೆ ಜಿಡ್ಡು ಬಿಡಿಸುವ ಶಕ್ತಿಯುಳ್ಳ ದ್ರವ ಮಾರ್ಜಕ ಹೆಚ್ಚು ಉಪಯುಕ್ತ. ಪುಡಿ ರೂಪದ ಔಷಧಿಗೆ ಮಾರ್ಜಕದ ಪುಡಿಯೂ ಆದೀತು. ಯಂತ್ರದಲ್ಲಿ ಒಗೆದರೆ ಆಮೇಲೆ ಒಂದು ಸಲ ಬರಿಯ ನೀರು ಮತ್ತು ಮಾರ್ಜಕದಿಂದ ಯಂತ್ರವನ್ನು ಖಾಲಿಯಾಗಿ ಓಡಿಸಿರಿ. ನೀರು ಬೆರೆಸದ ಔಷಧಿಯೇ ಚೆಲ್ಲಿದ ಬಟ್ಟೆಯನ್ನು ಒಗೆಯುವ ಗೋಜಿಗೆ ಹೋಗದೆ ಬಿಸಾಡಬೇಕು. ಈ ನೀರು ಕೆರೆ, ಕಲ್ಯಾಣಿ, ಬಾವಿಯ ಹತ್ತಿರ ಸುಳಿಯಕೂಡದು, ಗಿಡಗಳಿಗೂ ಬೇಡ.

ಇದೇ ಸಂದರ್ಭದಲ್ಲಿ ಇನ್ನೊಂದು. ಔಷಧಿ ಎಲೆಗೆ ಅಂಟಲೆಂದು ಸಿಂಪಡಣೆಯ ಟ್ಯಾಂಕಿಗೆ ಸೋಡಾ ತುಂಬಿದ ಬಟ್ಟೆ ಪುಡಿ ಹಾಕುವ ಪದ್ಧತಿ ಕೆಲವರಲ್ಲಿದೆ. ಕ್ಷಾರದ ನೀರಿನಲ್ಲಿ ಹಲವು ಕೀಟನಾಶಕಗಳು ಒಡೆದು ಶಕ್ತಿ ಕಳೆದುಕೊಳ್ಳುತ್ತವೆ, ಎಳೆಯ ಎಲೆಯೂ ಸುಡುತ್ತದೆ. ಅದಕ್ಕೆಂದೇ ಮಾರುವ ಅಂಟುದ್ರವ ಬಳಸಿರಿ.

ಒಗೆದ ನೀರು ಎಲ್ಲಿಗೆ ಹೋಗುತ್ತದೆ?

ಬೆಂಗಳೂರು ದಿಣ್ಣೆಯ ಮೇಲಿನ ಊರು. ಜಯನಗರ, ಬಿ.ಟಿ.ಎಂ. ಲೇಔಟ್ ಕಡೆಯ ಇಳಿಜಾರು ಮಡಿವಾಳ, ಅಗರ ಕೆರೆಗಳ ಕಡೆಗೆ ಇಳಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬನಶಂಕರಿಯ ಪಶ್ಚಿಮದ ಭಾಗ ವೃಷಭಾವತಿಗೆ ಇಳಿದು, ಬಿಡದಿಯ ಬಳಿಯ ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕನಕಪುರ ಸೀಮೆ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಎರಡೂ ದಾರಿಗಳಲ್ಲಿ ಇರುವವರು ರೈತರು.

ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿಬಂದದ್ದೂ, ಅದೇ ವರ್ಷ, ಮತ್ತೆ 2017 ಹಾಗೂ 2018ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದೂ ಎಲ್ಲರಿಗೂ ತಿಳಿದದ್ದೇ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಯಲ್ಲೂ ಪಿನಾಕಿನಿಯ ನೀರಿನ ಮೇಲೆ ನೊರೆ ತೇಲುವುದುಂಟು. ಈಗಿನ ಮಾರ್ಜಕದ ಮುಖ್ಯ ಅಂಶವು ಗಾಳಿ ಆಡುವ ನೀರಿನಲ್ಲಿ ಸೂಕ್ಷ್ಮಾಣುಗಳಿಂದ ಕರಗಿಹೋಗುವಂಥದ್ದೇ. ಆದರೆ ಕೊಳಚೆ ತುಂಬಿ ಆಮ್ಲಜನಕವಿಲ್ಲದ ಕೆರೆಯಲ್ಲಿ ಅದು ಬೇಗ ಕರಗದು. ಕೋಡಿಯಲ್ಲಿ ನೀರು ಧುಮುಕಿದಾಗ ನೊರೆಯಾಗಿ ಏಳುತ್ತದೆ. ಜೊತೆಗೆ ಫಾಸ್ಫೇಟಿನ ರಂಜಕ ಕೆರೆಯ ಅಂತರಗಂಗೆಗೆ ಗೊಬ್ಬರವಾಗುತ್ತದೆ. ಕೆರೆಯ ರಂಜಕವೆಲ್ಲ ಸೋಪಿನ ಪುಡಿಯದೇ ಎಂದು ಹೇಳುವುದು ನ್ಯಾಯವಲ್ಲ, ಮಲಮೂತ್ರದ ಪಾಲು ದೊಡ್ಡದು. ಆದರೂ ಪುಡಿಯ ಪಾಲನ್ನು ಮನೆಯಲ್ಲೇ ಇಳಿಸಬಹುದು. ಫಾಸ್ಫೇಟ್ ಇಲ್ಲವೆಂದು ಬರೆದಿರುವ ಪೊಟ್ಟಣವನ್ನು ಆರಿಸಿಕೊಂಡರೆ ಆಯಿತು.

ರಂಜಕವಾದರೂ ಗೊಬ್ಬರ, ಸೋಡಿಯಂ ಗೊಬ್ಬರವೂ ಅಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆಯ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಬತ್ತಿದ ಸೀಮೆಯ ಅಂತರ್ಜಲ ಏರಲೆಂಬುದು ಉದ್ದೇಶ. ಮರುತಿಂಗಳೇ ಆ ನೀರಿನಲ್ಲಿ ನೊರೆ ಕಂಡು ಜನ ಆತಂಕಪಟ್ಟರು. ನೊರೆಯನ್ನು ಶುದ್ಧೀಕರಣದಿಂದ ತಗ್ಗಿಸಬಹುದು. ಆದರೆ ನೀರಿನಲ್ಲಿ ಕರಗಿದ ಸೋಡಿಯಂ ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ಹೋಗುವುದಿಲ್ಲ. ಜಯನಗರದ ಒಗೆಯುವ ಯಂತ್ರಕ್ಕೆ ಬಿದ್ದ ಒಂದು ಚಮಚ ಸೋಡಾ ಘಟಕವನ್ನು ದಾಟಿ, ಕೊಳವೆಯಲ್ಲಿ ಹರಿದು ಕೋಲಾರದ ಕೆರೆ ಸೇರಬಲ್ಲದು. ಪಟ್ಟಣದಲ್ಲಿರುವ ನಿಮ್ಮ ಮಕ್ಕಳಿಗೆ ಈ ಮಾತನ್ನು ತಿಳಿಸಿರಿ.

ಹಿತ್ತಿಲಿಗೆ ಈ ನೀರು ಬಿಡಬಹುದೇ?

ಬಿಡಬಹುದು, ಆದರೆ ಎಲ್ಲ ನೀರನ್ನೂ ಅಲ್ಲ. ಪುಡಿ ಬೆರೆತ ಮೊದಲ ನೀರಿನಲ್ಲಿ ಸೋಡಿಯಂ ಹೆಚ್ಚು; ಅದನ್ನು ಗಿಡಗಳಿಗೆ ಬಿಡಬೇಡಿ. ಎರಡನೆಯ, ಮೂರನೆಯ ಸಲ ಜಾಲಿಸಿದ ನೀರು ಉಪಯುಕ್ತ. ಒಂದೇ ಬುಡಕ್ಕೆ ದಿನವೂ ಬಿಡದೆ ಪಾತಿಯಿಂದ ಪಾತಿಗೆ ಬದಲಿಸುತ್ತಿರಬೇಕು. ತೆಂಗು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಾಬಾಳೆ, ಕೆಸುವುಗಳೂ ಬಚ್ಚಲ ನೀರಿಗೆ ಒಗ್ಗಿದವು. ನಿಂಬೆಗೆ ಇದು ಆಗದು. ಬಾಳೆಯೂ ಉಪ್ಪನ್ನು ಅಷ್ಟಾಗಿ ತಾಳದು, ಬಚ್ಚಲ ಬಾಯಲ್ಲಿ ಬಾಳೆ ಹಾಕುವ ರೂಢಿ ಸೋಡಾ ಪುಡಿ ಬರುವುದಕ್ಕಿಂತ ಹಿಂದಿನದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬಿಡಲೇಬಾರದು.

ಸೋಡಿಯಂ ಮಣ್ಣಿಗೆ ಮಾಡುವುದೇನು? ಜೇಡಿಮಣ್ಣಿನ ಕಣಗಳನ್ನು ಒಟ್ಟಿಗೆ ಹಿಡಿದಿರುವುದು ಕ್ಯಾಲ್ಸಿಯಂ. ಸೋಡಿಯಂ ಆ ಜಾಗಕ್ಕೆ ನುಗ್ಗಿದಾಗ ಕಣಗಳು ಬಿಡಿಬಿಡಿಯಾಗಿ ಚೆದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ನಿಲ್ಲುತ್ತದೆ. ಒದ್ದೆಯಾದಾಗ ನೆಲ ಜಾರುತ್ತದೆ, ಒಣಗಿದಾಗ ಹೆಂಚಿನಂತೆ ಗಟ್ಟಿಯಾಗುತ್ತದೆ. ಎಲೆಯ ಅಂಚು ಸುಟ್ಟಂತಾಗುತ್ತದೆ. ಇದನ್ನು ಮುಂಚಿತವಾಗಿಯೇ ತಿಳಿಯಬಹುದು. ಒಗೆಯುವ ನೀರು ಹರಿಯುವ ಕಡೆಯಿಂದ ಒಣಗಿದ ಮಣ್ಣಿನ ಒಂದು ಚಿಕ್ಕ ಹೆಂಟೆಯನ್ನೂ, ಹರಿಯದ ಕಡೆಯಿಂದ ಇನ್ನೊಂದನ್ನೂ ತಂದು ಎರಡು ಲೋಟ ಮಳೆ ನೀರಿನಲ್ಲಿ ಮೆಲ್ಲಗೆ ಬಿಟ್ಟು, ಅಲುಗಿಸದೆ ಎರಡು ಗಂಟೆ ನೋಡಿರಿ. ಹೆಂಟೆ ಕುಸಿದು ಬಿದ್ದರೂ ನೀರು ತಿಳಿಯಾಗಿದ್ದರೆ ಭಯವಿಲ್ಲ. ಸುತ್ತಲೂ ಹಾಲಿನಂತಹ ಮೋಡ ಕವಿದರೆ ಸೋಡಿಯಂ ಸೇರಿದೆಯೆಂದು ಶಂಕಿಸಿ ಮಣ್ಣು ಪರೀಕ್ಷೆ ಮಾಡಿಸಿರಿ, ವರದಿಯಲ್ಲಿ ಹೇಳಿದಷ್ಟು ಜಿಪ್ಸಂ ಹಾಕಿರಿ.

ಬಟ್ಟೆಗೆ ಶತ್ರುವಾದ ಗಡಸು ನೀರಿನ ಕ್ಯಾಲ್ಸಿಯಂ ಮಣ್ಣಿಗೆ ಮಿತ್ರ ಎಂಬುದು ವಿಚಿತ್ರವಾದರೂ ನಿಜ. ಕೊಳವೆ ಬಾವಿಯಿರುವ ಅನೇಕ ಮನೆಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ ಈಗ ನೀರು ಮೆದು ಮಾಡುವ ಯಂತ್ರ ಹಾಕಿಸುತ್ತಾರೆ. ಆ ಯಂತ್ರ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ, ಅದಕ್ಕೇ ಅದಕ್ಕೆ ಮೂಟೆಗಟ್ಟಲೆ ಉಪ್ಪು ಬೇಕು. ಬಟ್ಟೆಗೆ ಲಾಭ, ಗಿಡಕ್ಕೆ ನಷ್ಟ. ಹಾಕಿಸಲೇಬೇಕಾದರೆ ಒಗೆಯುವ ನಲ್ಲಿಗೆ ಮಾತ್ರ ಹಾಕಿಸಿ, ತೋಟದ ನಲ್ಲಿಯನ್ನು ಹೊರಗಿಡಿರಿ. ಯಂತ್ರವನ್ನು ತೊಳೆದ ಉಪ್ಪುನೀರು ಗಿಡದ ಪಾತಿಗೆ ಎಂದಿಗೂ ಹೋಗಬಾರದು.

ಇದಕ್ಕಿಂತ ಅಗ್ಗವಾದದ್ದು ಮಳೆ ನೀರು. ಬೆಂಗಳೂರಿನಲ್ಲಿ 2009ರ ಕಾಯಿದೆ ತಿದ್ದುಪಡಿಯಿಂದ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವಾಯಿತು. ಜಯನಗರ 5ನೆಯ ಬ್ಲಾಕಿನಲ್ಲಿ ಜಲಮಂಡಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆ ನೀರು ಸಂಗ್ರಹದ ವಿಷಯ ಉದ್ಯಾನವನ್ನೇ ಮಾಡಿದೆ. ಪಟ್ಟಣಕ್ಕೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಿರಿ. 100 ಚದರ ಮೀಟರಿನ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು 1,000 ಲೀಟರ್. ಅದರಲ್ಲಿ 800 ಲೀಟರ್ ತೊಟ್ಟಿಗೆ ಸೇರಿದರೂ, ದಿನಕ್ಕೆ 80 ಲೀಟರಿನಂತೆ ಹತ್ತು ದಿನ ಒಗೆಯಬಹುದು. ಮಳೆ ನೀರಿನಲ್ಲಿ ಒಗೆಯುವ ದಿನ ಮೇಲೆ ಹೇಳಿದ ಚಮಚದಲ್ಲಿ ಅರ್ಧವೇ ಹಾಕಿ ನೋಡಿರಿ. ಬಹುಪಾಲು ಬಟ್ಟೆಗೆ ಅದೇ ಸಾಕಾಗುತ್ತದೆ.